ಆದ್ ಜನಾಂಗದ ಅಸ್ಥಿಪಂಜರವನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ

ಆ ಫೋಟೋ ಈ ರಮಝಾನಿನಲ್ಲಿ ಮತ್ತೆ ಬಂತು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಅದು ಎಷ್ಟನೆಯ ಸಲ ಬರುವುದೋ ನನಗೆ ಲೆಕ್ಕ ತಪ್ಪಿದೆ. ಅಗೆದ ಗುಂಡಿ, ಗುಂಡಿ ತುಂಬ ಮಲಗಿರುವ ಮನುಷ್ಯನ ಅಸ್ಥಿಪಂಜರ, ಅದರ ತಲೆಬುರುಡೆಯ ಪಕ್ಕ ಇರುವೆಯಷ್ಟು ಸಣ್ಣಗೆ ಕಾಣುವ ಕೆಲಸಗಾರ. ಕೆಳಗಿನ ಒಕ್ಕಣೆಯೂ ಅದೇ ಹಳೆಯದು. ಸೌದಿಯ ರುಬುಉಲ್ ಖಾಲಿ ಮರುಭೂಮಿಯಲ್ಲಿ ಗ್ಯಾಸ್ ಹುಡುಕುತ್ತಿದ್ದ ಅರಾಮ್ಕೋ ತಂಡಕ್ಕೆ ಹೂದ್ ನಬಿ(ಅ)ಯವರ ಕಾಲದ ಆದ್ ಜನಾಂಗದವನ ಎಲುಬು ಸಿಕ್ಕಿದೆ, ಸರಕಾರ ಸೇನೆಯನ್ನು ನಿಲ್ಲಿಸಿ ಜಾಗ ಮುಚ್ಚಿದೆ, ಇದು ಹೆಲಿಕಾಪ್ಟರಿನಿಂದ ತೆಗೆದು ಗುಟ್ಟಾಗಿ ಹೊರಬಂದ ಚಿತ್ರ. ಅದರ ಕೆಳಗೆ ಸಾಲುಸಾಲು 'ಸುಬ್‌ಹಾನಲ್ಲಾಹ್'.

ನನ್ನ ತಂಗಿಯ ಮಗ ಎಂಟನೇ ಕ್ಲಾಸು. ಫೋನು ಹಿಡಿದುಕೊಂಡು ಬಂದು, "ಮಾಮ, ಇದು ನಿಜವಾ? ನಾಳೆ ಮಾಷ್ಟ್ರಿಗೆ ತೋರಿಸ್ಲಾ?" ಎಂದು ಕೇಳಿದ.

ಆ ಪ್ರಶ್ನೆಗೆ ನನಗೆ ಹೆದರಿಕೆಯಾಯಿತು. ಅವನು ಅದನ್ನು ಮಾಷ್ಟ್ರಿಗೆ ತೋರಿಸಿದರೆ ಅವರು ನಗುತ್ತಾರೆ. ಆಗ ಹುಡುಗನ ಮುಂದೆ ಎರಡೇ ದಾರಿ. ಮಾಷ್ಟ್ರು ನಮ್ಮ ದೀನಿನ ವೈರಿ ಎಂದು ತಿಳಿಯಬೇಕು, ಇಲ್ಲವೇ ಮದ್ರಸದಲ್ಲಿ ಕಲಿತದ್ದೂ ಈ ಫೋಟೋದ ಹಾಗೆಯೇ ಸುಳ್ಳಿರಬಹುದು ಎಂದು ತಿಳಿಯಬೇಕು. ಈ ಎರಡನ್ನೂ ಅವನ ಕೈಗೆ ಕೊಟ್ಟವರು ನಾವು. ಫಾರ್ವರ್ಡ್ ಮಾಡಿದ ಹಿರಿಯರು, ಗೊತ್ತಿದ್ದೂ ಬಾಯಿ ಮುಚ್ಚಿ ಕುಳಿತ ನನ್ನಂಥವರು.

ಆ ಚಿತ್ರದ ಕತೆ ಇಷ್ಟು. 2000ದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್ ಎಂಬಲ್ಲಿ ಮಾಸ್ಟೊಡಾನ್ ಎಂಬ, ಆನೆಯನ್ನು ಹೋಲುವ ಅಳಿದುಹೋದ ಪ್ರಾಣಿಯ ಎಲುಬುಗಳನ್ನು ಅಗೆಯುತ್ತಿದ್ದರು. ಅದರ ವೈಮಾನಿಕ ಫೋಟೋ ಇತ್ತು. ಐರನ್‌ಕೈಟ್ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಕೆನಡಾದ ಚಿತ್ರಕಾರರೊಬ್ಬರು ಅದರ ಮೇಲೆ ಮನುಷ್ಯನ ಅಸ್ಥಿಪಂಜರ ಅಂಟಿಸಿ, 2002ರಲ್ಲಿ ವರ್ತ್1000 ಎಂಬಲ್ಲಿ ನಡೆದ ಫೋಟೋಶಾಪ್ ಸ್ಪರ್ಧೆಗೆ ಕಳಿಸಿದರು. ಸ್ಪರ್ಧೆಯ ವಿಷಯವೇ ಹುಸಿ ಪುರಾತತ್ವ. ಮೂರನೇ ಬಹುಮಾನವೂ ಬಂತು. ಪಾಪ, ಅವರು ಯಾರಿಗೂ ಮೋಸ ಮಾಡಲು ಹೊರಟವರಲ್ಲ. 2004ರ ಹೊತ್ತಿಗೆ ಯಾರೋ ಅದಕ್ಕೆ ಅರಾಮ್ಕೋ ಕತೆ ಕಟ್ಟಿ ಬಿಟ್ಟರು. 2007ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಇಷ್ಟನ್ನೂ ಬಿಡಿಸಿ ಬರೆಯಿತು. ನನ್ನ ಅಳಿಯ ಹುಟ್ಟುವ ಮೊದಲೇ ಬಯಲಾದ ಸುಳ್ಳು ಇದು.

ಕೇಳಿ, ಇನ್ನೂ ಇದೆ. ಅದೇ ಫೋಟೋ, ಅದೇ ಗುಂಡಿ, ಅದೇ ಇರುವೆಯಂಥ ಕೆಲಸಗಾರ ಬೇರೆ ಮನೆಗಳ ಫೋನಿಗೂ ಹೋಯಿತು. ಅಲ್ಲಿ ಅವನು ಆದ್ ಜನಾಂಗದವನಲ್ಲ, ಘಟೋತ್ಕಚ. ಸಿಕ್ಕಿದ ಜಾಗ ಉತ್ತರ ಭಾರತ, ಕಾವಲು ನಿಂತದ್ದು ಭಾರತದ ಸೇನೆ. ಮುಂಬೈಯ ಒಂದು ಮಾಸಪತ್ರಿಕೆ ಅದನ್ನು ಅಚ್ಚು ಹಾಕಿ ಆಮೇಲೆ ತಪ್ಪೊಪ್ಪಿಕೊಂಡಿತು. ನಮ್ಮ ಗುಂಪಿನಲ್ಲಿ ಆ ಎರಡನೇ ಒಕ್ಕಣೆ ಬಂದಿದ್ದರೆ ಎಷ್ಟು ನಗುತ್ತಿದ್ದೆವು! ಇದು ಫೋಟೋಶಾಪ್ ಎಂದು ಹೇಳಲು ಅರ್ಧ ನಿಮಿಷವೂ ಬೇಕಾಗುತ್ತಿರಲಿಲ್ಲ. ನೆರೆಮನೆಯ ಸುಳ್ಳನ್ನು ಹಿಡಿಯುವ ಕಣ್ಣು ನಮಗಿದೆ ಎಂದಾಯಿತು. ಸ್ವಂತ ಮನೆಯದ್ದು ಬಂದಾಗ ಅದನ್ನು ಮುಚ್ಚಿಕೊಳ್ಳುತ್ತೇವೆ.

ಹೀಗೆ ಹೇಳಿದೊಡನೆ ನಮ್ಮಲ್ಲಿ ಒಬ್ಬರು ಎದ್ದು ನಿಲ್ಲುತ್ತಾರೆ. "ಹಾಗಾದರೆ ಕುರ್‌ಆನಿನಲ್ಲಿರುವುದು ಸುಳ್ಳಾ?" ಈ ಪ್ರಶ್ನೆಯೇ ತಪ್ಪು. ಆದ್ ಜನಾಂಗದ ಪ್ರಸ್ತಾಪ ಇದೆ, ಸೂರಃ ಅಲ್-ಫಜ್ರ್‌ನಲ್ಲಿ ಸ್ತಂಭಗಳ ಇರಮ್‌ನ ಹೆಸರೂ ಇದೆ. ಆದರೆ ಆದ್‌ಗಳು ಇಷ್ಟು ಅಡಿ ಎತ್ತರ ಎಂದು ಅಲ್ಲಿ ಎಲ್ಲೂ ಲೆಕ್ಕ ಕೊಟ್ಟಿಲ್ಲ. ಅಡಿ ಲೆಕ್ಕ ತಂದವರು ಕತೆ ಹೇಳುವವರು. ನಂಬಿಕೆ ಇರುವವನಿಗೆ ಆ ಆಯತ್ತೇ ಸಾಕು. ಅದಕ್ಕೆ ಫೋಟೋಶಾಪ್ ಸ್ಪರ್ಧೆಯ ಮೂರನೇ ಬಹುಮಾನದ ಆಧಾರ ಕೊಡಲು ಹೋಗುವವನು ಆಯತ್ತಿಗೆ ಗೌರವ ಕೊಟ್ಟನೋ ಅವಮಾನ ಮಾಡಿದನೋ, ನೀವೇ ಯೋಚಿಸಿ. (ಮನುಷ್ಯನನ್ನು ಹತ್ತು ಪಟ್ಟು ಎತ್ತರ ಮಾಡಿದರೆ ತೂಕ ಸಾವಿರ ಪಟ್ಟಾಗುತ್ತದೆ, ಎಲುಬಿನ ಬಲ ಏರುವುದು ನೂರೇ ಪಟ್ಟು. ಆ ಚಿತ್ರದ ಸಪೂರ ಕಾಲಿನ ಮೇಲೆ ಅವನು ಒಂದು ಹೆಜ್ಜೆ ಇಟ್ಟರೂ ಮುರಿಯುತ್ತಿತ್ತು. ಗೆಲಿಲಿಯೋ 1638ರಲ್ಲೇ ಈ ಲೆಕ್ಕ ಬರೆದಿಟ್ಟಿದ್ದಾನೆ. ಆನೆಯ ಕಾಲು ಯಾಕೆ ಕಂಬದಂತಿದೆ ಎಂದು ಕೇಳುವ ಮಕ್ಕಳಿಗೆ ಇದನ್ನು ಹೇಳಿಕೊಡಿ.)

ಇರಮ್‌ನ ನಗರವನ್ನು ಹುಡುಕಿ ಹೋದವರ ಕತೆ ಈ ಫೋಟೋಕ್ಕಿಂತ ಎಷ್ಟೋ ಚೆನ್ನಾಗಿದೆ, ಆದರೆ ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. 1930ರ ಸುಮಾರಿಗೆ ಬರ್ಟ್ರಂ ಥಾಮಸ್ ಎಂಬ ಇಂಗ್ಲಿಷಿನವ ಒಂಟೆಯ ಮೇಲೆ ರುಬುಉಲ್ ಖಾಲಿ ದಾಟುವಾಗ, ಜೊತೆಗಿದ್ದ ಬದುಗಳು ಮರಳಿನಲ್ಲಿ ಹಳೆಯ ಜಾಡು ತೋರಿಸಿ, ಇದು ಉಬಾರಿಗೆ ಹೋಗುವ ದಾರಿ ಎಂದರು. 1932ರಲ್ಲಿ ಫಿಲ್ಬಿ ಎಂಬವ ದೇವರ ಕೋಪಕ್ಕೆ ಸುಟ್ಟುಹೋದ ವಬಾರ್ ನಗರವನ್ನು ಹುಡುಕಿಕೊಂಡು ಹೋದ. ಸುಟ್ಟ ಜಾಗ ಸಿಕ್ಕಿತು. ಕಪ್ಪು ಗಾಜಿನ ಚೂರುಗಳು, ದೊಡ್ಡ ಕುಳಿಗಳು, ಕಬ್ಬಿಣದ ತುಂಡು. ಅವನು ಜ್ವಾಲಾಮುಖಿ ಎಂದುಕೊಂಡ. ನೋಡಿದರೆ ಅದು ಉಲ್ಕೆ ಬಿದ್ದ ಜಾಗ! ಆಕಾಶದಿಂದ ಕಬ್ಬಿಣ ಬಿದ್ದು ಮರಳು ಕರಗಿ ಗಾಜಾಗಿತ್ತು. ಎರಡು ಟನ್ನಿನಷ್ಟು ತೂಗುವ ಇನ್ನೊಂದು ತುಂಡು ಆಮೇಲೆ ಸಿಕ್ಕಿ ರಿಯಾದಿಗೆ ಹೋಯಿತು. ನಗರ ಇರಲಿಲ್ಲ. ಆದರೆ ಬದುಗಳು ಸುಳ್ಳು ಹೇಳಿರಲಿಲ್ಲ, ಅಲ್ಲಿ ಏನೋ ಬಿದ್ದು ಸುಟ್ಟದ್ದು ನಿಜವೇ ಆಗಿತ್ತು.

ಆಮೇಲೆ ಅಮೆರಿಕದ ನಿಕೋಲಸ್ ಕ್ಲಾಪ್ ಬಾಹ್ಯಾಕಾಶ ನೌಕೆಯ ರಾಡಾರ್ ಚಿತ್ರಗಳನ್ನು ಹಿಡಿದುಕೊಂಡು ಒಮಾನಿನ ಶಿಸ್ರ್ ಎಂಬಲ್ಲಿಗೆ ಬಂದ. 1992ರಲ್ಲಿ ಪತ್ರಿಕೆಗಳು 'ಉಬಾರ್ ಸಿಕ್ಕಿತು' ಎಂದು ಕೂಗಿದವು. ಸಿಕ್ಕಿದ್ದು ಸುಣ್ಣಕಲ್ಲಿನ ಗುಹೆಯ ಮೇಲೆ ಕಟ್ಟಿದ ಒಂದು ಸಣ್ಣ ಕೋಟೆ. ಗುಹೆಯ ಮಾಡು ಕುಸಿದು ಕೋಟೆಯ ಒಂದು ಭಾಗ ಒಳಗೆ ಹೋಗಿತ್ತು. ಧೂಪದ ವ್ಯಾಪಾರಿಗಳು ಒಂಟೆಗೆ ನೀರು ಕುಡಿಸುತ್ತಿದ್ದ ತಾಣ. ಅಲ್ಲಿ ಅಗೆದ ಪುರಾತತ್ವಜ್ಞ ಜೂರಿಸ್ ಜರಿನ್ಸ್ ಆಮೇಲೆ ತಾನೇ ಸ್ಪಷ್ಟಪಡಿಸಿದರು: ಹಳೆಯ ಗ್ರಂಥಗಳಲ್ಲಿ ಉಬಾರ್ ಎಂದರೆ ಒಂದು ಪ್ರದೇಶ, ಒಂದು ಜನ, ನಿರ್ದಿಷ್ಟ ಊರಲ್ಲ. ಇಷ್ಟು ದೊಡ್ಡ ಹೆಸರು ತಂದುಕೊಟ್ಟ ಶೋಧವನ್ನು ಅಷ್ಟಕ್ಕೇ ಇಳಿಸಿದ ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ.

ಈಗ ಗ್ರಹಾಂ ಹ್ಯಾನ್‌ಕಾಕ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಮ್ಮ ಕಾಲೇಜು ಹುಡುಗರು ಎಲುಬಿನ ಫೋಟೋ ನೋಡಿ ನಗುತ್ತಾರೆ, ಇವನನ್ನು ಮಾತ್ರ ನಂಬುತ್ತಾರೆ. ಹಿಮಯುಗದಲ್ಲಿ ಒಂದು ಮಹಾ ನಾಗರಿಕತೆ ಇತ್ತು, ಸುಮಾರು 12,800 ವರ್ಷಗಳ ಹಿಂದಿನ ಪ್ರಳಯದಲ್ಲಿ ಅಳಿಯಿತು, ಉಳಿದವರು ಲೋಕಕ್ಕೆಲ್ಲ ಬೇಸಾಯ, ಕಟ್ಟಡ, ನಕ್ಷತ್ರಗಳ ವಿದ್ಯೆ ಕಲಿಸಿದರು, ಪುರಾತತ್ವಜ್ಞರು ಇದನ್ನು ಕೇಳಲೂ ತಯಾರಿಲ್ಲ ಎಂದು ಅವನ ವಾದ. 2022ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಸರಣಿಯಾಗಿ ಬಂತು. ಅರಾಮ್ಕೋ ಫೋಟೋದ ಒಕ್ಕಣೆಗೂ ಇದಕ್ಕೂ ಧಾಟಿ ಒಂದೇ ಎಂದು ನಿಮಗೆ ಅನಿಸಲಿಲ್ಲವೇ? ದೊಡ್ಡದೊಂದು ಇದೆ, ದೊಡ್ಡವರು ಮುಚ್ಚಿಟ್ಟಿದ್ದಾರೆ, ಸಾಕ್ಷಿ ಇಲ್ಲದ್ದೇ ಮುಚ್ಚಿಟ್ಟದ್ದಕ್ಕೆ ಸಾಕ್ಷಿ.

ಆ ಸರಣಿಯಲ್ಲಿ ತೋರಿಸಿದ ಇಂಡೋನೇಷ್ಯಾದ ಗುನುಂಗ್ ಪಡಂಗ್ ಬೆಟ್ಟವನ್ನೇ ನೋಡಿ. ಬೆಟ್ಟದ ಒಳಗೆ ಇಪ್ಪತ್ತು ಸಾವಿರ ವರ್ಷಕ್ಕೂ ಹಳೆಯ, ಮನುಷ್ಯರು ಕಟ್ಟಿದ ಪಿರಮಿಡ್ ಇದೆ ಎಂದು 2023ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲೂ ಪ್ರಬಂಧ ಬಂತು. ಅಂದರೆ ಬಾಗಿಲು ಮುಚ್ಚಿರಲಿಲ್ಲ, ಕೇಳಿದರು. ಆದರೆ ಕಾಲ ಅಳೆದದ್ದು ಮಣ್ಣಿನದ್ದು. ಆ ಮಣ್ಣಿನ ಜೊತೆ ಮನುಷ್ಯ ಮುಟ್ಟಿದ ಒಂದು ಮಡಕೆ ಚೂರೂ ಇಲ್ಲ, ಒಲೆಯ ಬೂದಿಯೂ ಇಲ್ಲ. ನಿಮ್ಮ ಮನೆಯ ಬಾವಿ ತೋಡಿ ಅಡಿಯ ಮಣ್ಣಿನ ವಯಸ್ಸು ಅಳೆದರೆ ಅದು ಬಾವಿಯ ವಯಸ್ಸಾಗುತ್ತದೆಯೇ? 2024ರ ಮಾರ್ಚ್‌ನಲ್ಲಿ ಪತ್ರಿಕೆ ಪ್ರಬಂಧವನ್ನು ಹಿಂತೆಗೆದುಕೊಂಡಿತು.

ವಿಮರ್ಶಕರನ್ನೂ ನಾನು ಸುಮ್ಮನೆ ಬಿಡುವುದಿಲ್ಲ. ಅಮೆರಿಕದ ಪುರಾತತ್ವಜ್ಞರ ಸಂಘ, ಆ ಸರಣಿಯನ್ನು ಸಾಕ್ಷ್ಯಚಿತ್ರ ಎನ್ನದೆ ವೈಜ್ಞಾನಿಕ ಕಟ್ಟುಕತೆ ಎಂದು ವರ್ಗೀಕರಿಸಿ ಎಂದು ನೆಟ್‌ಫ್ಲಿಕ್ಸಿಗೆ ಪತ್ರ ಬರೆಯಿತು. ಪತ್ರದಲ್ಲಿದ್ದ ಮಾತು ಬಹುಪಾಲು ಸರಿ, ಆದರೆ ಹ್ಯಾನ್‌ಕಾಕ್‌ಗೆ ಅಷ್ಟೇ ಸಾಕಾಯಿತು, 'ನೋಡಿ, ನನ್ನ ಬಾಯಿ ಮುಚ್ಚಿಸುತ್ತಿದ್ದಾರೆ' ಎನ್ನಲು. ಮಣ್ಣಿನ ವಯಸ್ಸಿನ ವಿಷಯವನ್ನು ಹತ್ತು ನಿಮಿಷದಲ್ಲಿ ಯಾರಿಗೂ ಅರ್ಥವಾಗುವಂತೆ ಹೇಳಬಹುದಿತ್ತು. ನಮ್ಮೂರಲ್ಲೂ ಹಾಗೆಯೇ. ಓದಿದವರು ಗುಂಪಿನಲ್ಲಿ ಒಂದು ನಗುವ ಚಿಹ್ನೆ ಒತ್ತಿ ಹೋಗುತ್ತಾರೆ. ನಗು ಕಂಡ ಹಿರಿಯರಿಗೆ ಮರ್ಯಾದೆ ಹೋಗುತ್ತದೆ, ಅವರು ಹಟಕ್ಕೆ ಇನ್ನೂ ಎರಡು ಫಾರ್ವರ್ಡ್ ಮಾಡುತ್ತಾರೆ.

ಆದರೆ ಆ ಪತ್ರದಲ್ಲಿದ್ದ ಒಂದು ಆರೋಪ ನಮಗೆ ತಾಗುವಂಥದ್ದು. ಇಂಥ ಸಿದ್ಧಾಂತಗಳು ಸ್ಥಳೀಯರ ಹಿರಿಯರು ಮಾಡಿದ ಕೆಲಸವನ್ನು ಕಸಿದು ಇನ್ಯಾರಿಗೋ ಕೊಡುತ್ತವೆ ಎಂದು. ಇದು ಬರೀ ಮಾತಲ್ಲ. ಆಫ್ರಿಕಾದಲ್ಲಿ ಮಹಾ ಜಿಂಬಾಬ್ವೆ ಎಂಬ ಕಲ್ಲಿನ ನಗರವಿದೆ. ಗಾರೆ ಇಲ್ಲದೆ ಕಟ್ಟಿದ ಗೋಡೆ, ಕೆಲವು ಕಡೆ 11 ಮೀಟರ್ ಎತ್ತರ. 1871ರಲ್ಲಿ ಕಾರ್ಲ್ ಮೌಖ್ ಎಂಬ ಜರ್ಮನ್ ಅಲ್ಲಿಗೆ ಹೋಗಿ, ಬಾಗಿಲ ಮರದ ಒಂದು ಚೂರು ಮೂಸಿ ನೋಡಿದ. ತನ್ನ ಪೆನ್ಸಿಲಿನ ಮರದ ಹಾಗೆಯೇ ವಾಸನೆ! ಹಾಗಾದರೆ ಇದು ಲೆಬನಾನಿನ ದೇವದಾರು, ಹಾಗಾದರೆ ಇದು ಶೇಬಾದ ರಾಣಿಯ ಅರಮನೆ. ಶೇಬಾದ ರಾಣಿ ಎಂದರೆ ನಮ್ಮ ಬಿಲ್ಕೀಸ್. ಈ ಕತೆ ಬಿಳಿಯರಿಗೆ ಬಹಳ ಹಿಡಿಸಿತು, ಯಾಕೆಂದರೆ ಕರಿಯರು ಇದನ್ನು ಕಟ್ಟಲಿಲ್ಲವಾದರೆ ನೆಲವೂ ಅವರದ್ದಲ್ಲ. ರಿಚರ್ಡ್ ಹಾಲ್ ಎಂಬವ 1902ರಿಂದ ಎರಡು ವರ್ಷ ಅಲ್ಲಿನ ಆಫ್ರಿಕನ್ ವಾಸದ ಪದರಗಳನ್ನೇ ಕಸ ಎಂದು ಎತ್ತಿ ಎಸೆದ. 1905ರಲ್ಲಿ ರ‍್ಯಾಂಡಲ್-ಮ್ಯಾಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಮ್ಸನ್ ಎಂಬ ಮಹಿಳೆ, ಇದನ್ನು ಕಟ್ಟಿದವರು ಆಫ್ರಿಕನ್ನರೇ ಎಂದು ಅಗೆದು ತೋರಿಸಿದರು. ಆದರೂ ರೊಡೇಷ್ಯಾದ ಬಿಳಿಯರ ಸರಕಾರಕ್ಕೆ ಆ ಸತ್ಯ ಬೇಡವಾಗಿತ್ತು. ಅದನ್ನೇ ಹೇಳಿದ ಪೀಟರ್ ಗಾರ್ಲೇಕ್ 1970ರಲ್ಲಿ ದೇಶ ಬಿಟ್ಟು ಹೋಗಬೇಕಾಯಿತು. ನಿಜವಾಗಿ ಮುಚ್ಚಿಟ್ಟದ್ದು ಎಂದರೆ ಇದು. ಮುಚ್ಚಿಟ್ಟವರು ಪುರಾತತ್ವಜ್ಞರಲ್ಲ, ಕಳೆದುಹೋದ ನಾಗರಿಕತೆಯ ಕತೆ ಬೇಕಾಗಿದ್ದ ಸರಕಾರ.

ಆ ನಗರದ ಮಣ್ಣಿನಲ್ಲಿ ಸಿಕ್ಕಿದ್ದೇನು ಗೊತ್ತೇ? ಭಾರತದ ಗಾಜಿನ ಮಣಿಗಳು. ಚೀನಾದ ಪಿಂಗಾಣಿ. ಕಿಲ್ವಾದ ಸುಲ್ತಾನ್ ಅಲ್-ಹಸನ್ ಬಿನ್ ಸುಲೈಮಾನನ ಒಂದು ತಾಮ್ರದ ನಾಣ್ಯ. ಆ ಸುಲ್ತಾನನನ್ನು 1331ರಲ್ಲಿ ಕಂಡ ಇಬ್ನ್ ಬತೂತ ಹತ್ತು ಹನ್ನೊಂದು ವರ್ಷ ಬಿಟ್ಟು ನಮ್ಮ ಕರಾವಳಿಗೂ ಬಂದ.

ನಮ್ಮಲ್ಲೂ ಈ ಕಸಿಯುವ ಕೆಲಸ ನಡೆದಿದೆ, ನಾವೇ ಮಾಡುತ್ತಿದ್ದೇವೆ. ಬ್ಯಾರಿ ಎಂಬುದು ಅರಬಿಯ 'ಬಹ್ರ್'ನಿಂದ ಬಂತು ಎಂದರೆ ಸಭೆಯಲ್ಲಿ ಚಪ್ಪಾಳೆ. ತುಳುವಿನ 'ಬ್ಯಾರ', ಅಂದರೆ ವ್ಯಾಪಾರದಿಂದ ಬಂತು ಎಂದರೆ ಮೌನ. ಕಡಲಾಚೆಯ ಕುದುರೆ ಸವಾರ ಅಜ್ಜ ಬೇಕು, ತಲೆಹೊರೆಯಲ್ಲಿ ಒಣಮೀನು ಮಾರಿದ ಅಜ್ಜ ಬೇಡ. ತುಳುನಾಡಿನ ಅಜ್ಜಿಯಂತೂ ಯಾರ ಭಾಷಣದಲ್ಲೂ ಇಲ್ಲ.

ಆದರೆ ಕಾಗದದಲ್ಲಿ ಉಳಿದಿರುವವರು ಇವರೇ. ಕೈರೋದ ಯಹೂದಿ ದೇವಾಲಯದಲ್ಲಿ ಸಿಕ್ಕಿದ ಗೆನೀಝಾ ಪತ್ರಗಳಲ್ಲಿ, 1130ರಿಂದ 1149ರ ನಡುವೆ ಮಂಗಳೂರಿನಲ್ಲಿ ಹದಿನೇಳು ವರ್ಷದಷ್ಟು ಕಾಲ ಇದ್ದ ಅಬ್ರಹಾಂ ಬಿನ್ ಈಜು ಎಂಬ ಯಹೂದಿ ವರ್ತಕನ ಲೆಕ್ಕಗಳಿವೆ. ಏಡನ್‌ಗೆ ಹೋದ ಅಡಿಕೆ, ಕಾಳುಮೆಣಸು, ಕಬ್ಬಿಣ. ಅವನ ವ್ಯವಹಾರ ನೋಡಿಕೊಂಡ ಬೊಮ್ಮ. ಅವನು ಬಿಡುಗಡೆ ಮಾಡಿದ ಆಶು ಎಂಬ ಇಲ್ಲಿನ ದಾಸಿ. ಸಲಾಲದಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರು ಶುಕ್ರವಾರ ಖೋರ್ ರೋರಿಗೆ ಹೋಗಿ ಫೋಟೋ ಹಾಕುತ್ತಾರಲ್ಲ, ಅಲ್ಲಿನ ಹಾಳುಬಿದ್ದ ಬಂದರಿನಲ್ಲಿ ತಮಿಳು-ಬ್ರಾಹ್ಮಿ ಲಿಪಿಯಲ್ಲಿ ಒಬ್ಬನ ಹೆಸರು ಗೀಚಿದ ಮಡಕೆ ಚೂರು ಸಿಕ್ಕಿದೆ. ಎರಡು ಸಾವಿರ ವರ್ಷದ ಹಿಂದೆಯೂ ಈ ಕಡೆಯವರು ಅಲ್ಲಿಗೆ ದುಡಿಯಲು ಹೋಗಿದ್ದರು.

ಅಳಿಯನಿಗೆ ಇಬ್ನ್ ಬತೂತನ ಮಂಗಳೂರಿನ ಪುಟಗಳನ್ನು ಓದಿ ಹೇಳಿದೆ. 1342ರ ಸುಮಾರಿಗೆ ಮಂಜರೂರಿನಲ್ಲಿ ನಾಲ್ಕು ಸಾವಿರದಷ್ಟು ಮುಸ್ಲಿಮರಿದ್ದರು, ಫಾರ್ಸ್ ಮತ್ತು ಯಮನಿನ ವರ್ತಕರು ಅಲ್ಲಿ ಇಳಿಯುತ್ತಿದ್ದರು, ಊರವರಿಗೂ ಅವರಿಗೂ ಆಗಾಗ ಜಗಳವಾಗುತ್ತಿತ್ತು, ವ್ಯಾಪಾರ ಬೇಕಾದ ಕಾರಣ ಅರಸ ರಾಜಿ ಮಾಡಿಸುತ್ತಿದ್ದ. ಹುಡುಗ ಎಲುಬಿನ ಫೋಟೋ ಮರೆತು, "ಜಗಳ ಎಂತಕ್ಕೆ ಮಾಮ?" ಎಂದ. ಸುಂಕದ್ದಿರಬೇಕು ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ನಾಳೆ ಮಾಷ್ಟ್ರ ಹತ್ತಿರ ಕೇಳುತ್ತಾನಂತೆ.