ಬಿ.ಎಡ್. ಅರ್ಜಿ ತುಂಬುವ ಮುನ್ನ

ಪದವಿ ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ನಮ್ಮ ಕಥೋಲಿಕ ಕುಟುಂಬಗಳಲ್ಲಿ ‘ಮುಂದೇನು?’ ಎಂಬ ಪ್ರಶ್ನೆ ಏಳುತ್ತದೆ. ಬಿ.ಎ., ಬಿ.ಎಸ್ಸಿ. ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಿರುವ ಮನೆಗಳಲ್ಲಿ, ಉತ್ತರವೂ ಮೊದಲೇ ಸಿದ್ಧವಾಗಿರುತ್ತದೆ: ‘ಒಂದು ಬಿ.ಎಡ್. ಮಾಡಿಬಿಡಲಿ.’ ಈ ‘ಮಾಡಿಬಿಡಲಿ’ ಎಂಬ ಮಾತಿನಲ್ಲಿಯೇ ನಮ್ಮ ಮನೋಭಾವವೆಲ್ಲ ಅಡಗಿದೆ. ಬಾಕಿ ಇರುವ ಒಂದು ಕೆಲಸವನ್ನು ಹೇಗೋ ಮುಗಿಸಿ ಕೈತೊಳೆದುಕೊಳ್ಳುವವರು ಆಡುವ ಮಾತು ಅದು.

ಇದಕ್ಕೆ ತಂದೆತಾಯಿಯರು ಕೊಡುವ ಕಾರಣಗಳನ್ನು ಹಗುರವಾಗಿ ಕಾಣುವಂತಿಲ್ಲ. ಕಬ್ಬಿನ ಬಾಕಿ ಹಣಕ್ಕಾಗಿ ಕಾಯುವ ರೈತ, ದಿನಗೂಲಿಯ ತಾಯಿ, ತಮ್ಮ ಮಗಳು ಮರ್ಯಾದೆಯ ಉದ್ಯೋಗವೊಂದನ್ನು ಹಿಡಿಯಲೆಂದು ಆಶಿಸುವುದು ಸಹಜ. ದೂರದ ಊರಿಗೆ ಕಳಿಸಲು ಅಂಜಿಕೆ. ಮನೆಯಲ್ಲಿ ಸುಮ್ಮನೆ ಕೂರಿಸಲು ಮನಸ್ಸಿಲ್ಲ. ವರ ಗೊತ್ತಾಗುವವರೆಗೆ ಒಂದು ಓದು ಇರಲಿ ಎಂಬ ಎಣಿಕೆ. ಇವೆಲ್ಲ ಲೌಕಿಕ ವಿವೇಕದ ಮಾತುಗಳೇ. ಆದರೆ ಈ ವಿವೇಕದ ಲೆಕ್ಕದಲ್ಲಿ ಒಬ್ಬರನ್ನು ಮಾತ್ರ ನಾವು ಮರೆಯುತ್ತೇವೆ. ಇಂದು ಅರ್ಜಿ ಹಾಕುವ ನಮ್ಮ ಮಗಳ ಮುಂದೆ ಮೂರು ವರ್ಷಗಳ ಬಳಿಕ ಬೆಂಚಿನ ಮೇಲೆ ಕುಳಿತಿರುವ ಬೇರೆ ಯಾರದೋ ಮಗುವೇ ಆ ಒಬ್ಬರು.

ಮೊದಲಿಗೆ, ಈ ತರಬೇತಿ ಯಾವ ಬಾಗಿಲನ್ನು ತೆರೆಯುತ್ತದೆ, ಯಾವುದನ್ನು ತೆರೆಯುವುದಿಲ್ಲ ಎಂಬುದನ್ನು ಅರ್ಜಿದಾರರು ಸ್ಪಷ್ಟವಾಗಿ ತಿಳಿಯಬೇಕು. ಹಿಂದಿನ ತಲೆಮಾರಿನವರು ಟಿ.ಸಿ.ಎಚ್. ಎಂದು ಕರೆಯುತ್ತಿದ್ದ, ಪಿ.ಯು.ಸಿ. ನಂತರದ ತರಬೇತಿ ಈಗ ಡಿ.ಎಲ್.ಎಡ್. ಎಂಬ ಹೆಸರಿನಲ್ಲಿದೆ, ಬಿ.ಎಡ್. ಪದವಿಯ ನಂತರದ್ದು. ದೊಡ್ಡ ತರಬೇತಿ ಪಡೆದವರು ಚಿಕ್ಕ ಮಕ್ಕಳಿಗೂ ಕಲಿಸಬಹುದೆಂಬ ಭಾವನೆ ಬಹಳ ಮನೆಗಳಲ್ಲಿದೆ. ಅದು ತಪ್ಪು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಒಂದರಿಂದ ಐದನೆಯ ತರಗತಿಯವರೆಗಿನ ಶಿಕ್ಷಕ ಹುದ್ದೆಗೆ ಬಿ.ಎಡ್. ಅರ್ಹತೆಯಲ್ಲವೆಂದು ತೀರ್ಪಿತ್ತಿತು. ಚಿಕ್ಕ ಮಕ್ಕಳಿಗೆ ಕಲಿಸುವುದು ಬೇರೆಯೇ ಒಂದು ವಿದ್ಯೆ, ಅದಕ್ಕೆ ಬೇರೆಯೇ ಸಿದ್ಧತೆ ಬೇಕು ಎಂಬುದೇ ಆ ತೀರ್ಪಿನ ತಿರುಳು. ಆದುದರಿಂದ ಪುಟ್ಟ ಮಕ್ಕಳೊಡನೆ ಬೆರೆಯುವ ಒಲವುಳ್ಳವರು ಡಿ.ಎಲ್.ಎಡ್. ಅನ್ನು ಕಿರಿದೆಂದು ತಳ್ಳಿಹಾಕುವುದು ಬೇಡ.

ಬಿ.ಎಡ್. ಪಡೆದವರಿಗೆ ತೆರೆದಿರುವುದು ಆರರಿಂದ ಎಂಟರವರೆಗಿನ ಪದವೀಧರ ಶಿಕ್ಷಕರ ಹುದ್ದೆ ಮತ್ತು ಪ್ರೌಢಶಾಲೆ. ಸ್ನಾತಕೋತ್ತರ ಪದವಿಯೂ ಇದ್ದರೆ ಪದವಿಪೂರ್ವ ಕಾಲೇಜು. ಆರರಿಂದ ಎಂಟರವರೆಗೆ ಕಲಿಸಲು ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೆಯ ಪತ್ರಿಕೆಯಲ್ಲಿಯೂ ತೇರ್ಗಡೆಯಾಗಬೇಕು. 150 ಅಂಕಗಳ ಈ ಪರೀಕ್ಷೆಯಲ್ಲಿ ಸಾಮಾನ್ಯ ಅಭ್ಯರ್ಥಿಗಳು ಶೇಕಡಾ 60 ಅಂಕ ಗಳಿಸಬೇಕು. ನೇಮಕಾತಿ ಪರೀಕ್ಷೆ ಅದರಾಚೆಗಿನ ಮೆಟ್ಟಿಲು. 2022ರಲ್ಲಿ ಕರ್ನಾಟಕ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆಸಿದಾಗ, ಕೆಲಸಕ್ಕಾಗಿ ಕಾಯುತ್ತಿದ್ದವರು ಅಸಂಖ್ಯರಿದ್ದರೂ ಅಷ್ಟೂ ಹುದ್ದೆಗಳು ತುಂಬಲಿಲ್ಲ. ಪ್ರಮಾಣಪತ್ರವಿದ್ದ ಮಾತ್ರಕ್ಕೆ ಉದ್ಯೋಗ ಸಿಗುವ ಕಾಲ ಹೋಯಿತು; ಕಲಿತವರಿಗೆ ಮಾತ್ರ ಅದು ಸಿಗುವಂತಹುದು.

ಇನ್ನು ಅರ್ಜಿಯ ವಿಚಾರ. ಸರ್ಕಾರಿ ಕೋಟಾದ ಸೀಟುಗಳ ಹಂಚಿಕೆ ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕದ ಮೂಲಕ, ಪದವಿಯ ಅಂಕ ಹಾಗೂ ಮೀಸಲಾತಿ ನಿಯಮಗಳ ಆಧಾರದಲ್ಲಿ ನಡೆಯುತ್ತದೆ. ಸಾಮಾನ್ಯರಿಗೆ ಪದವಿಯಲ್ಲಿ ಶೇಕಡಾ 50, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ ಒಂದರವರಿಗೆ ಶೇಕಡಾ 45 ಅಂಕ ಇರಬೇಕು. ಪ್ರಕಟಣೆ ಹೊರಬಿದ್ದ ಮೇಲೆ ದೊರೆಯುವ ಕಾಲಾವಕಾಶ ಕಡಿಮೆ. ಆಗ ತಹಶೀಲ್ದಾರರ ಕಚೇರಿಗೆ ಓಡಿ ಪ್ರಯೋಜನವಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ಕನ್ನಡ ಮಾಧ್ಯಮದಲ್ಲಿ ಓದಿದ ಪ್ರಮಾಣಪತ್ರ ಇವುಗಳನ್ನು ಮೊದಲೇ ಪಡೆದಿಟ್ಟುಕೊಳ್ಳುವುದು ಲೇಸು. ಸಂದೇಹವಿದ್ದವರು ಏಜೆಂಟರ ಬಳಿ ಹೋಗದೆ ಮಂಡ್ಯದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ, ಅಂದರೆ ಎಲ್ಲರೂ ‘ಡಯಟ್’ ಎನ್ನುವ ಕಚೇರಿಯಲ್ಲಿ, ವಿಚಾರಿಸಬೇಕು.

ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಒಂದು, ಮೀಸಲಾತಿ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಪ್ರವರ್ಗ 3ಬಿಯಲ್ಲಿದ್ದಾರೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ನಿಬಂಧನೆಗಳಿಗೆ ಒಳಪಟ್ಟು ಪ್ರವರ್ಗ ಒಂದರಲ್ಲಿ ಸ್ಥಾನವಿದೆ. ಇದನ್ನು ಅರಿಯದೆ ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಿ ಸೀಟು ಕಳೆದುಕೊಳ್ಳುವುದು ಬೇಡ. ಅಂತೆಯೇ ತಮಗೆ ಸಲ್ಲದ ವರ್ಗವನ್ನು ನಮೂದಿಸುವುದೂ ಬೇಡ. ಎರಡು, ಹೆಸರು. ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು, ಶಾಲೆಯಲ್ಲಿ ಒಂದು, ಆಧಾರ್ ಚೀಟಿಯಲ್ಲಿ ಮತ್ತೊಂದು ಹೆಸರಿರುವ ಮಕ್ಕಳು ನಮ್ಮಲ್ಲಿ ಕಡಿಮೆಯಿಲ್ಲ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹೆಸರೇ ಮುಂದಿನ ಎಲ್ಲ ದಾಖಲೆಗಳಿಗೂ ಆಧಾರ. ಉಳಿದವುಗಳನ್ನು ಅದಕ್ಕೆ ಹೊಂದಿಸಿಕೊಳ್ಳುವ ಕೆಲಸವನ್ನು ಪದವಿಯ ಕೊನೆಯ ವರ್ಷದಲ್ಲಿಯೇ ಮುಗಿಸಬೇಕು.

ಕಾಲೇಜನ್ನು ಆರಿಸುವಾಗ ಕಟ್ಟಡವನ್ನು ನೋಡಿ ಮರುಳಾಗದೆ, ಅದಕ್ಕೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ಮಾನ್ಯತೆ ಮತ್ತು ವಿಶ್ವವಿದ್ಯಾನಿಲಯದ ಸಂಯೋಜನೆ ಆ ವರ್ಷಕ್ಕೆ ಉಂಟೇ ಎಂದು ಕೇಳಬೇಕು. ಮದ್ದೂರಿನವರಿಗೆ ಮಂಡ್ಯಕ್ಕೆ ಹೋಗಿಬರಲು ರೈಲಿದೆ. ರೈಲಿಲ್ಲದ ಮಳವಳ್ಳಿಯವರಿಗೆ ಬಸ್ಸೇ ಗತಿ. ಆದರೂ 2023ರ ಜೂನ್ 11ರಿಂದ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆತಿರುವುದರಿಂದ, ‘ಓಡಾಟದ ಖರ್ಚು’ ಎಂಬ ಹಳೆಯ ನೆಪ ಹೆಣ್ಣುಮಕ್ಕಳ ಮಟ್ಟಿಗೆ ಉಳಿದಿಲ್ಲ. ಪಿ.ಯು.ಸಿ. ಹಂತದಲ್ಲಿಯೇ ಶಿಕ್ಷಕ ವೃತ್ತಿಯನ್ನು ನಿಶ್ಚಯಿಸಿಕೊಂಡವರಿಗೆ, 1963ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪದವಿ ಮತ್ತು ತರಬೇತಿ ಒಂದುಗೂಡಿದ ನಾಲ್ಕು ವರ್ಷಗಳ ಶಿಕ್ಷಣವಿದೆ. ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮ ಮಕ್ಕಳು ಆ ಪರೀಕ್ಷೆಗೆ ಕುಳಿತುಕೊಳ್ಳುವುದನ್ನು ಇನ್ನೂ ಹೆಚ್ಚಾಗಿ ಕಾಣಬೇಕಾಗಿದೆ.

ಇಷ್ಟೆಲ್ಲ ಹೇಳಿದ ಮೇಲೆ, ಈ ಲೇಖನದ ಮುಖ್ಯ ವಿಷಯಕ್ಕೆ ಬರೋಣ. ‘ಫೀಸು ಕಟ್ಟಿ, ಪರೀಕ್ಷೆಗೆ ಬನ್ನಿ, ತರಗತಿಗೆ ಬರಬೇಕಾಗಿಲ್ಲ’ ಎಂಬ ಪಿಸುಮಾತು ನಮ್ಮ ಊರುಗಳಲ್ಲಿ ಕೇಳಿಬರುತ್ತದೆ. ಇದಕ್ಕೆ ‘ನಾನ್ ಅಟೆಂಡಿಂಗ್’ ಎಂಬ ಹೆಸರೂ ಉಂಟು. ಹೆಸರು ಇಂಗ್ಲಿಷಿನಲ್ಲಿರುವುದರಿಂದ ಅದೊಂದು ಅಧಿಕೃತ ವ್ಯವಸ್ಥೆಯೆಂದು ಹಲವರು ನಂಬಿದ್ದಾರೆ. ಹಾಗಿಲ್ಲ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗದ 2012ರ ವರದಿಯ ಹಿನ್ನೆಲೆಯಲ್ಲಿ ರೂಪುಗೊಂಡ 2014ರ ನಿಯಮಾವಳಿಯು ಒಂದು ವರ್ಷದ ಬಿ.ಎಡ್. ಅನ್ನು ಎರಡು ವರ್ಷಗಳಿಗೆ ಏರಿಸಿತು. ತರಗತಿಗಳಿಗೆ ಶೇಕಡಾ 80, ಶಾಲೆಯಲ್ಲಿ ನಡೆಯುವ ಅಭ್ಯಾಸ ಬೋಧನೆಗೆ ಶೇಕಡಾ 90 ಹಾಜರಿಯನ್ನು ಕಡ್ಡಾಯಗೊಳಿಸಿತು. ತರಬೇತಿಯ ಅವಧಿಯಲ್ಲಿ ಒಟ್ಟು 20 ವಾರಗಳನ್ನು ನಿಜವಾದ ಶಾಲೆಯಲ್ಲಿ ಕಳೆಯಬೇಕೆಂದು ವಿಧಿಸಿತು. ತರಗತಿಗೇ ಹೋಗದವರ ಹೆಸರಿನ ಮುಂದೆ ಈ ಹಾಜರಿಯನ್ನು ಯಾರೋ ಬರೆಯಲೇಬೇಕು. ಹಾಗೆ ಬರೆದದ್ದು ಸುಳ್ಳು, ಬರೆಸಿಕೊಂಡದ್ದೂ ಸುಳ್ಳೇ. ದೇಶದ ಬಹುಪಾಲು ಪ್ರತ್ಯೇಕ ಶಿಕ್ಷಕ ತರಬೇತಿ ಸಂಸ್ಥೆಗಳು ತರಬೇತಿಯನ್ನೇ ನೀಡದೆ ಪದವಿಯನ್ನು ಬೆಲೆಗೆ ಮಾರುತ್ತಿವೆಯೆಂಬ ವರ್ಮಾ ಆಯೋಗದ ಕಟುವಾದ ಅಭಿಪ್ರಾಯವನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಒಪ್ಪಿ ದಾಖಲಿಸಿದೆ. ಕೊಳ್ಳುವವರಿಲ್ಲದೆ ಮಾರುವವರಿರುವುದಿಲ್ಲ.

‘ಇದರಿಂದ ಯಾರಿಗೆ ನಷ್ಟ?’ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಗೆ ತತ್ತ್ವಶಾಸ್ತ್ರದಲ್ಲಿ ಹಳೆಯದೊಂದು ಉತ್ತರವಿದೆ. ಕಲಿಸುವವನ ಕ್ರಿಯೆ ನೆರವೇರುವುದು ಕಲಿಸುವವನಲ್ಲಿ ಅಲ್ಲ, ಕಲಿಯುವವನಲ್ಲಿ ಎಂದು ಅರಿಸ್ಟಾಟಲ್ ತೋರಿಸಿಕೊಟ್ಟನು. ಯಾರೂ ಕಲಿಯದಿದ್ದರೆ ಯಾರೂ ಕಲಿಸಲಿಲ್ಲವೆಂದೇ ಅರ್ಥ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಗುರುವನ್ನು ವೈದ್ಯನಿಗೆ ಹೋಲಿಸಿದರು: ಗುಣವಾಗುವ ಶಕ್ತಿ ರೋಗಿಯ ದೇಹದಲ್ಲಿಯೇ ಇದೆ, ಅರಿಯುವ ಶಕ್ತಿ ಶಿಷ್ಯನ ಬುದ್ಧಿಯಲ್ಲಿಯೇ ಇದೆ, ವೈದ್ಯನೂ ಗುರುವೂ ಅದಕ್ಕೆ ಹೊರಗಿನಿಂದ ನೆರವಾಗುವವರು. ನೆರವಾಗುವುದು ಹೇಗೆಂದು ತಿಳಿಯದ ವೈದ್ಯನ ಕೈಗೆ ನಮ್ಮ ಮಗುವನ್ನು ಒಪ್ಪಿಸುತ್ತೇವೆಯೇ? ಗದ್ದೆಗಿಳಿಯದೆ ನಾಟಿ ಕಲಿತವರನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಕಂಡಿಲ್ಲ. ನಲವತ್ತು ಮಕ್ಕಳ ಮುಂದೆ ನಿಂತು ನಾಲಿಗೆ ತಡವರಿಸದೆ, ಹಿರಿಯ ಶಿಕ್ಷಕರು ಹಿಂದಿನ ಬೆಂಚಿನಿಂದ ತಿದ್ದದೆ, ಪಾಠ ಯೋಜನೆಯನ್ನು ಹತ್ತು ಸಲ ಹರಿದು ಬರೆಯದೆ ಯಾರೂ ಶಿಕ್ಷಕರಾಗಲಾರರು.

ಕದ್ದದ್ದನ್ನು ಹಿಂದಿರುಗಿಸದೆ ಕಳ್ಳತನದ ಪಾಪ ಪೂರ್ಣವಾಗಿ ಪರಿಹಾರವಾಗದೆಂದು ನಮ್ಮ ನೀತಿಶಾಸ್ತ್ರ ಬೋಧಿಸುತ್ತದೆ. ಹಣವನ್ನು ಕದ್ದವನು ಹಣವನ್ನು ಕೊಟ್ಟಾನು. ಗಣಿತ ಅರ್ಥವಾಗದೆ ಎಂಟನೆಯ ತರಗತಿಯಲ್ಲಿ ಮಗುವೊಂದು ಕಳೆದುಕೊಂಡ ವರ್ಷವನ್ನು ಯಾರು, ಹೇಗೆ ಹಿಂದಿರುಗಿಸಬಲ್ಲರು? ತರಗತಿಗೆ ಹೋಗದೆ ಪಡೆದ ಬಿ.ಎಡ್. ಅನ್ನು ‘ಸಣ್ಣ ಹೊಂದಾಣಿಕೆ’ ಎನ್ನುವವರು ಈ ಪ್ರಶ್ನೆಗೆ ಉತ್ತರಿಸಬೇಕು.

ಆದರೆ ಬೋಧನೆ ಇಲ್ಲಿಗೇ ನಿಂತರೆ ಅದು ಅರ್ಧ ನ್ಯಾಯ. ಈ ದಾರಿ ಹಿಡಿಯುವ ಎಲ್ಲರೂ ಸೋಮಾರಿಗಳಲ್ಲ. ಪದವಿ ಮುಗಿಸಿದೊಡನೆ ಖಾಸಗಿ ಶಾಲೆಯೊಂದರಲ್ಲಿ ಅಲ್ಪ ಸಂಬಳಕ್ಕೆ ಸೇರಿದ ಹುಡುಗಿಗೆ, ಆ ಸಂಬಳವೇ ತಮ್ಮನ ಫೀಸು, ತಾಯಿಯ ಔಷಧಿ ಆಗಿರುತ್ತದೆ. ಎರಡು ವರ್ಷ ಕೆಲಸ ಬಿಟ್ಟು ತರಬೇತಿಗೆ ಹೋಗಲು ಅವಳಿಂದಾಗದು. ತರಬೇತಿಯಿಲ್ಲದೆ ಸಂಬಳವೂ ಏರದು. ಈ ಇಕ್ಕಟ್ಟಿನಲ್ಲಿ ಅವಳನ್ನು ಇರಿಸಿದವರು ಯಾರು? ತರಬೇತಿ ಇಲ್ಲದವರು ಕಡಿಮೆ ಸಂಬಳಕ್ಕೆ ದೊರೆಯುತ್ತಾರೆಂದು ಅವರನ್ನೇ ನೇಮಿಸಿಕೊಳ್ಳುವ ಆಡಳಿತ ಮಂಡಳಿಗಳು. ಆ ಪಟ್ಟಿಯಲ್ಲಿ ಕ್ರೈಸ್ತ ಹೆಸರಿನ ಶಾಲೆಗಳಿಲ್ಲವೆಂದು ಎದೆಮುಟ್ಟಿ ಹೇಳಲಾದೀತೇ?

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ಸೇವೆಯಲ್ಲಿರುವ ಶಿಕ್ಷಕರಿಗೂ ಅರ್ಹತಾ ಪರೀಕ್ಷೆ ಅಗತ್ಯವೆಂದು ಹೇಳಿ, ಅಲ್ಪಸಂಖ್ಯಾತರ ಶಾಲೆಗಳ ವಿಚಾರವನ್ನು ಮಾತ್ರ ಹಿರಿದಾದ ಪೀಠದ ಪರಿಶೀಲನೆಗೆ ಒಪ್ಪಿಸಿತು. ಸಂವಿಧಾನದ 30ನೆಯ ವಿಧಿ ನಮಗೆ ನಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಅದು ಅಮೂಲ್ಯವಾದ ಹಕ್ಕು. ಆದರೆ ಕಳಪೆಯಾಗಿ ಕಲಿಸುವ ಹಕ್ಕನ್ನು ಯಾವ ಸಂವಿಧಾನವೂ ಯಾರಿಗೂ ಕೊಟ್ಟಿಲ್ಲ. ನ್ಯಾಯಾಲಯ ಕಡ್ಡಾಯ ಮಾಡಲಿ, ಬಿಡಲಿ, ತರಬೇತಿ ಪಡೆದ ಶಿಕ್ಷಕರನ್ನು ನಮ್ಮ ಮಕ್ಕಳ ಮುಂದೆ ನಿಲ್ಲಿಸುವುದು ನಮ್ಮ ಕರ್ತವ್ಯ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣದ ಘೋಷಣೆಯು ಶಿಕ್ಷಕರ ಸಿದ್ಧತೆಗೆ ವಿಶೇಷ ಒತ್ತು ನೀಡಿದೆ. 1950ರಲ್ಲಿ ಶಿಕ್ಷಕರ ಪಾಲಕ ಸಂತರೆಂದು ಘೋಷಿತರಾದ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ ಅವರು ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ, ಬಡವರ ಮಕ್ಕಳಿಗೆ ಕಲಿಸುವವರೇ ಸಿದ್ಧತೆಯಿಲ್ಲದವರೆಂದು ಕಂಡು, ಹಳ್ಳಿಯ ಶಿಕ್ಷಕರಿಗಾಗಿಯೇ ತರಬೇತಿಯನ್ನು ಆರಂಭಿಸಿದರು. 1870ರಲ್ಲಿ ಮಂಗಳೂರಿಗೆ ಬಂದ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು ಶಾಲೆಗಳ ಜೊತೆಗೆ ಶಿಕ್ಷಕಿಯರ ತರಬೇತಿಯನ್ನೂ ಕೈಗೊಂಡರು. ಇದು ನಮ್ಮ ಪರಂಪರೆ.

ಆದುದರಿಂದ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳಿಗೂ ಶಾಲಾ ಆಡಳಿತಗಳಿಗೂ ಮೂರು ಸಲಹೆಗಳನ್ನು ನೀಡಬಯಸುತ್ತೇವೆ. ತರಬೇತಿಗೆ ಹೋಗುವ ತಮ್ಮ ಶಿಕ್ಷಕಿಗೆ ಎರಡು ವರ್ಷಗಳ ಬಳಿಕ ಅದೇ ಕೆಲಸವನ್ನು, ತರಬೇತಾದವರ ಸಂಬಳದಲ್ಲಿ, ಮರಳಿ ಕೊಡುವುದಾಗಿ ಶಾಲೆಗಳು ಬರವಣಿಗೆಯಲ್ಲಿ ಭರವಸೆ ನೀಡಲಿ. ಹಬ್ಬದ ದೀಪಾಲಂಕಾರಕ್ಕೂ ಧ್ವನಿವರ್ಧಕಕ್ಕೂ ಮಾಡುವ ವೆಚ್ಚದಲ್ಲಿ ಒಂದು ಪಾಲನ್ನು ಪ್ರತಿ ಧರ್ಮಕೇಂದ್ರ ಒಬ್ಬ ಬಡ ಅಭ್ಯರ್ಥಿಯ ಫೀಸಿಗೆ ಮೀಸಲಿಡಲಿ. ನಿವೃತ್ತ ಶಿಕ್ಷಕರು ನಮ್ಮಲ್ಲಿ ಹಲವರಿದ್ದಾರೆ. ಅರ್ಜಿ ತುಂಬಿಸಲು, ಅರ್ಹತಾ ಪರೀಕ್ಷೆಗೆ ಸಿದ್ಧಗೊಳಿಸಲು ಅವರು ಭಾನುವಾರದ ಒಂದು ಗಂಟೆಯನ್ನು ನೀಡಲಿ.

ತಂದೆತಾಯಿಯರಿಗೆ ಒಂದು ಮಾತು. ಬಿ.ಎಡ್. ಹೆಣ್ಣುಮಕ್ಕಳ ಓದೆಂದು ಗಂಡುಮಕ್ಕಳನ್ನು ಅದರಿಂದ ದೂರವಿಡಬೇಡಿ. ಗಣಿತ, ವಿಜ್ಞಾನ ಬಲ್ಲ ಹುಡುಗರು ಹಳ್ಳಿಯ ಪ್ರೌಢಶಾಲೆಗಳಿಗೆ ಬೇಕಾಗಿದ್ದಾರೆ. ನಡುವೆ ಮದುವೆ ಗೊತ್ತಾಯಿತೆಂದು ಮಗಳ ತರಬೇತಿಯನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಅಭ್ಯಾಸ ಬೋಧನೆಯ ವಾರಗಳಲ್ಲಿ ನಿಶ್ಚಿತಾರ್ಥದ ದಿನವನ್ನಿಡಬೇಡಿ.

ಅರ್ಜಿದಾರರಿಗೆ ಕೊನೆಯ ಮಾತು. ಅರ್ಜಿಯಲ್ಲಿ ಹೆಸರು, ಅಂಕ, ಪ್ರವರ್ಗ ಎಲ್ಲವನ್ನೂ ಕೇಳುತ್ತಾರೆ. ‘ಎರಡು ವರ್ಷ ತರಗತಿಯಲ್ಲಿ ಕುಳಿತು ಕಲಿಯಲು, ಆಮೇಲೆ ಬೇರೆಯವರ ಮಕ್ಕಳನ್ನು ನಿನ್ನ ಮಕ್ಕಳೆಂದು ಕಾಣಲು ನಿನಗೆ ಮನಸ್ಸಿದೆಯೇ?’ ಎಂದು ಮಾತ್ರ ಅಲ್ಲಿ ಕೇಳುವುದಿಲ್ಲ. ಅದನ್ನು ನೀವೇ ಕೇಳಿಕೊಳ್ಳಿ. ಇಲ್ಲವೆಂದಾದರೆ ಬೇರೆ ಗೌರವದ ವೃತ್ತಿಗಳು ಬೇಕಾದಷ್ಟಿವೆ. ಅದರಲ್ಲಿ ನಾಚಿಕೆಯೇನೂ ಇಲ್ಲ. ಹೌದೆಂದಾದರೆ ದಾಖಲೆಗಳನ್ನು ಹೊಂದಿಸಿಕೊಂಡು ಧೈರ್ಯವಾಗಿ ಅರ್ಜಿ ಸಲ್ಲಿಸಿ. ಬಡತನ ಅಡ್ಡ ಬಂದರೆ ಏಜೆಂಟರ ಮನೆಯನ್ನು ಹುಡುಕದೆ ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿಗೆ ಬನ್ನಿ. ನಿಮ್ಮನ್ನು ಬರಿಗೈಯಲ್ಲಿ ಕಳಿಸದಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.