ಮಣ್ಣಿನ ಕೋಟೆ, ಸೆಗಣಿಯ ಪಾಂಡವರು
ದೀಪಾವಳಿ ಹತ್ತಿರ ಬಂತೆಂದರೆ ಪುಣೆ ಬಳಿಯ ಚಾಕಣದ ಓಣಿಗಳಲ್ಲಿ ಮಕ್ಕಳ ಕೈಯೆಲ್ಲ ಕೆಸರು. ಇಟ್ಟಿಗೆ ಚೂರು ಪೇರಿಸಿ, ಗೋಣಿತಟ್ಟು ಹೊದಿಸಿ, ಮಣ್ಣು ಮೆತ್ತಿ ಕೋಟೆ ಕಟ್ಟುತ್ತಾರೆ. ಮೇಲೆ ಸಾಸಿವೆ ಎರಚಿ ದಿನಾ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಹಸಿರು ಚಿಗುರಿರುತ್ತದೆ. ತುದಿಯಲ್ಲಿ ಶಿವಾಜಿ, ಕೆಳಗೆ ಮಾವಳೆ ಸೈನಿಕರ ಬೊಂಬೆಗಳು. 1660ರಲ್ಲಿ ಶಿವಾಜಿಯ ಕಿಲ್ಲೇದಾರ ಫಿರಂಗೋಜಿ ನರಸಾಳಾ ಮೊಘಲ್ ಸರದಾರ ಶಾಯಿಸ್ತಾಖಾನನ ದೊಡ್ಡ ಸೈನ್ಯವನ್ನು 50ಕ್ಕೂ ಹೆಚ್ಚು ದಿನ ತಡೆದು ನಿಲ್ಲಿಸಿದ ಸಂಗ್ರಾಮದುರ್ಗ ಇದೇ ಊರಿನದು; ಬೆಟ್ಟದ್ದಲ್ಲ, ಬಯಲಿನ ಕೋಟೆ. ಅಂಥ ಊರಲ್ಲಿ ಈ ಆಟಕ್ಕೆ ತೂಕ ಹೆಚ್ಚು. ಕಾರ್ಖಾನೆ ಕೆಲಸಕ್ಕೆಂದು ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮವರೇ, ಮಗುವಿಗೆ ಕೋಟೆ ಕಟ್ಟಲು ಧಾರಾಳವಾಗಿ ಬಿಡಿ. ಬಲಿಪಾಡ್ಯದ ಬೆಳಿಗ್ಗೆ ನಮ್ಮ ಊರಲ್ಲಿ ಅವ್ವ ಮಾಡುತ್ತಿದ್ದ ಸೆಗಣಿಯ ಪಾಂಡವರನ್ನೂ ಅದೇ ಪುಟ್ಟ ಕೈಗಳಿಂದ ಮಾಡಿಸಿ, ಚೆಂಡುಹೂ ಸಿಗಿಸಿ, ಹೊಸ್ತಿಲ ಬಳಿ ಇಡಿಸಿ.