ನೀತಿಪಾಠ ಸಾಕು, ಮೊದಲು ಸಂಬಳ ಕೊಡಿ

1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಬಂತು. ಅದರ ನೆನಪಿಗೆ ಪ್ರತಿ ಜುಲೈನಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಪತ್ರಕರ್ತರು ಆಮಿಷಕ್ಕೆ ಬಲಿಯಾಗಬಾರದು ಎಂದು ವೇದಿಕೆಯಲ್ಲಿದ್ದವರು ಹೇಳುತ್ತಾರೆ. ಕೆಳಗೆ ಕೂತ ನಾವು, ತಾಲೂಕು ವರದಿಗಾರರು, ಚಪ್ಪಾಳೆ ತಟ್ಟುತ್ತೇವೆ. ಶಾಲು, ಹಾರದ ಕೆಲಸ ಮುಗಿದ ಮೇಲೆ ಫೋನ್ ಬರುತ್ತದೆ: ‘ಆಗಸ್ಟ್ 15ರ ಪುರವಣಿಗೆ ನಿಮ್ಮ ತಾಲೂಕಿನಿಂದ ಎಷ್ಟು ಜಾಹೀರಾತು?’

ನನ್ನ ತಕರಾರು ಇರುವುದು ಇಲ್ಲಿ.

ನಮ್ಮಲ್ಲಿ ಹೆಚ್ಚಿನವರಿಗೆ ನೇಮಕಾತಿ ಪತ್ರವಿಲ್ಲ, ಪಿಎಫ್ ಇಲ್ಲ. ಅಚ್ಚಾದ ಸುದ್ದಿಗೆ ಇಷ್ಟು, ತಂದ ಜಾಹೀರಾತಿಗೆ ಇಷ್ಟು ಕಮಿಷನ್, ಅಷ್ಟೇ. ಜೋಯಿಡಾದ ಒಳಹಳ್ಳಿಗೆ ಹೋಗಿಬರುವ ಪೆಟ್ರೋಲ್ ಖರ್ಚು ಒಂದು ಸುದ್ದಿಯ ದುಡ್ಡಿನಲ್ಲಿ ಹುಟ್ಟುವುದಿಲ್ಲ. ಮನೆ ನಡೆಯುವುದು ಕಮಿಷನ್‌ನಿಂದ.

ನಮ್ಮ ಕಡೆ ಜಾಹೀರಾತು ಕೊಡುವವರು ಯಾರು? ದಾಂಡೇಲಿಯಲ್ಲಿ ರೆಸಾರ್ಟು, ಕಾರ್ಖಾನೆ. ಹಳಿಯಾಳದಲ್ಲಿ ಕಬ್ಬಿನ ವ್ಯವಹಾರದವರು, ರಾಜಕಾರಣಿಗಳು. ಮುಂಡಗೋಡದಲ್ಲಿ ಗುತ್ತಿಗೆದಾರರು, ಸೊಸೈಟಿಗಳು. ಎಲ್ಲ ಕಡೆ ಗ್ರಾಮ ಪಂಚಾಯಿತಿ. ಕಾಳಿ ನದಿಯ ನೀರು, ಕಬ್ಬಿನ ಬಾಕಿ, ಕಿತ್ತುಹೋದ ರಸ್ತೆ, ಉದ್ಯೋಗ ಖಾತ್ರಿಯ ಬಿಲ್ಲು ಎಂದಾಗ ನಾವು ಪ್ರಶ್ನೆ ಕೇಳಬೇಕಾದವರೂ ಇವರೇ. ಸೋಮವಾರ ಶುಭಾಶಯದ ಜಾಹೀರಾತು ಬೇಡಿದವನು ಬುಧವಾರ ಅದೇ ಬಾಗಿಲಲ್ಲಿ ನಿಂತು ಲೆಕ್ಕ ಕೇಳಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುವ ಗಾದೆ ಎದುರಿನವನಿಗೂ ಗೊತ್ತು.

ಉಡುಗೊರೆ, ಪ್ರವಾಸ, ರಿಯಾಯಿತಿ ಪಡೆದು ಕೆಲಸಕ್ಕೆ ಧಕ್ಕೆ ತಂದುಕೊಳ್ಳಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿಯ ನಿಯಮಾವಳಿ ಹೇಳುತ್ತದೆ. ಒಳ್ಳೆಯ ನಿಯಮವೇ. ಆದರೆ ಬೇಡಲು ಕಳಿಸಿದವರು ಸಂಪಾದಕೀಯ ಬರೆಯುತ್ತಾರೆ, ಬೇಡಿದವನು ಭ್ರಷ್ಟ ಎನಿಸಿಕೊಳ್ಳುತ್ತಾನೆ. ಅಟ್ಟ ಹತ್ತಿಸಿ ಏಣಿ ತೆಗೆಯುವುದೆಂದರೆ ಇದೇ.

ಇದು ತಾಲೂಕಿನ ರೋಗ ಎನ್ನುವವರು 2022ರ ದೀಪಾವಳಿಯನ್ನು ನೆನಪಿಸಿಕೊಳ್ಳಲಿ. ಅಂದಿನ ಮುಖ್ಯಮಂತ್ರಿ ಕಚೇರಿಯಿಂದ ಬೆಂಗಳೂರಿನ ಕೆಲವು ಪತ್ರಕರ್ತರಿಗೆ ಹೋದ ಸಿಹಿ ಡಬ್ಬಿಯಲ್ಲಿ ನಗದು ಇತ್ತು ಎಂಬ ಆರೋಪ ಬಂತು, ಲೋಕಾಯುಕ್ತಕ್ಕೆ ದೂರು ಹೋಯಿತು. ತಾನು ಯಾರಿಗೂ ಸೂಚನೆ ಕೊಟ್ಟಿರಲಿಲ್ಲ ಎಂದು ಬಸವರಾಜ ಬೊಮ್ಮಾಯಿ ಹೇಳಿದರು. ಕೆಲವು ಪತ್ರಕರ್ತರು ಹಣ ವಾಪಸ್ ಕಳಿಸಿದರು ಎಂದು ವರದಿಯಾಯಿತು. ವಾಪಸ್ ಕಳಿಸಿದವರಿಗೆ ನನ್ನ ನಮಸ್ಕಾರ.

ಇನ್ನೂ ಹಿಂದೆ ಹೋದರೆ, 2009ರ ಚುನಾವಣೆ ಕಾಲದ ಕಾಸಿಗಾಗಿ ಸುದ್ದಿ ಕುರಿತು ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲಿ ವರದಿ ಕೊಟ್ಟಿತು. ಸುದ್ದಿ ಮಾರಾಟ ಒಬ್ಬಿಬ್ಬ ವರದಿಗಾರರ ಕಳ್ಳತನವಾಗಿ ಉಳಿದಿಲ್ಲ, ಸಂಸ್ಥೆಗಳೇ ನಡೆಸುವ ವ್ಯಾಪಾರವಾಗಿದೆ ಎಂಬುದು ಅದರ ತಿರುಳು. ಮಂಡಳಿ ಮೊದಲು ಪ್ರಕಟಿಸಿದ್ದು ಚುಟುಕು ರೂಪ ಮಾತ್ರ. ಪೂರ್ತಿ ವರದಿ ಹೊರಬಂದದ್ದು ಕೇಂದ್ರ ಮಾಹಿತಿ ಆಯೋಗ ಆದೇಶಿಸಿದ ಮೇಲೆ, 2011ರಲ್ಲಿ. ದೊಡ್ಡವರ ಹೆಸರು ಬಂದಾಗ ಕಾಗದ ಕಪಾಟಿನಲ್ಲಿರುತ್ತದೆ.

ಹಾಗಂತ ನಮ್ಮವರ ಸಬೂಬನ್ನೂ ನಾನು ಒಪ್ಪುವುದಿಲ್ಲ. ‘ಸಂಬಳ ಇಲ್ಲ, ಕವರ್ ತಗೊಂಡ್ರೆ ಏನು ತಪ್ಪು?’ ಎನ್ನುವ ಗೆಳೆಯರಿಗೆ ಒಂದೇ ಪ್ರಶ್ನೆ: ಆ ಕವರಿನ ದುಡ್ಡು ತೆತ್ತವರು ಯಾರು? ಕೊಟ್ಟವನಂತೂ ಅಲ್ಲ, ಅವನಿಗೆ ಅದು ಲಾಭದ ಖರ್ಚು. ರಸ್ತೆಯಿಲ್ಲದ ಊರಿನಿಂದ ರೋಗಿಯನ್ನು ಹೊತ್ತು ತರುವವರು, ಬಾಕಿಗೆ ಕಾದ ಕಬ್ಬಿನ ರೈತ, ಕೂಲಿ ಬಾರದ ಹೆಂಗಸು ತೆತ್ತಿದ್ದಾರೆ. ಅವರ ಬಳಿ ಜಾಹೀರಾತಿಲ್ಲ. ಹಾಗಾಗಿ ಅವರ ಸುದ್ದಿಯೇ ಮೊದಲು ಸಾಯುತ್ತದೆ. ನಮ್ಮ ಬಡತನ ನಿಜ, ಅದನ್ನು ನಮಗಿಂತ ಬಡವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಸಂಸ್ಥೆಗಳು ಮಾಡಬೇಕಾದ್ದು ನಾಲ್ಕು. ಸುದ್ದಿ ಬರೆಯುವವನ ಕೈಯಲ್ಲಿ ಜಾಹೀರಾತು ಕೇಳಿಸಬೇಡಿ, ಅದಕ್ಕೆ ಬೇರೆ ಜನ ಇಡಿ. ತಿಂಗಳಿಗೆ ನಿಗದಿತ ಹಣ, ಓಡಾಟದ ಖರ್ಚು ಕೊಡಿ. ಸುದ್ದಿ ಕೈಬಿಟ್ಟರೆ ಕಾರಣವನ್ನು ಒಂದು ಸಾಲಿನಲ್ಲಾದರೂ ಬರೆದು ತಿಳಿಸಿ. ದುಡ್ಡು ಪಡೆದ ಬರಹದ ಮೇಲೆ ‘ಜಾಹೀರಾತು’ ಎಂದು ಕಣ್ಣಿಗೆ ಕಾಣುವಂತೆ ಹಾಕಿ.

ನಾವು ಅಲ್ಲಿಯವರೆಗೆ ಕಾಯಬೇಕಿಲ್ಲ. ಪ್ರೆಸ್‌ಮೀಟ್‌ನಲ್ಲಿ ಕೊಟ್ಟ ಕವರನ್ನು ಅಲ್ಲೇ, ಎಲ್ಲರೆದುರೇ ವಾಪಸ್ ಕೊಡೋಣ. ಒಬ್ಬನೇ ಕೊಟ್ಟರೆ ಅಹಂಕಾರಿ ಎನ್ನುತ್ತಾರೆ, ಐದು ಜನ ಕೊಟ್ಟರೆ ಮುಂದಿನ ಸಲ ಕವರೇ ಬರುವುದಿಲ್ಲ. ಜಾಹೀರಾತು ಕೊಟ್ಟವನ ಮೇಲೆ ದೂರು ಬಂದರೆ ಆ ವಿಷಯವನ್ನು ಡೆಸ್ಕಿಗೆ ಮೊದಲೇ ತಿಳಿಸಿ, ಪಕ್ಕದ ತಾಲೂಕಿನ ಗೆಳೆಯನಿಗೆ ಸುದ್ದಿ ಒಪ್ಪಿಸೋಣ. ಹಳಿಯಾಳದವನು ಮುಂಡಗೋಡದ್ದು ಬರೆಯಲಿ, ಮುಂಡಗೋಡದವನು ಹಳಿಯಾಳದ್ದು.

ಓದುವವರಿಗೂ ಒಂದು ಮಾತು. ನಿಮ್ಮೂರಿನ ಧರಣಿಗೆ ಬಂದು ಫೋಟೋ ತೆಗೆದುಕೊಂಡು ಹೋದವರ ಸುದ್ದಿ ಬಾರದಿದ್ದರೆ ಸುಮ್ಮನಿರಬೇಡಿ. ‘ಯಾಕೆ ಬರಲಿಲ್ಲ?’ ಎಂದು ನಮಗೂ ಕೇಳಿ, ಪತ್ರಿಕೆಯ ಕಚೇರಿಗೂ ಫೋನ್ ಮಾಡಿ. ಜಾಹೀರಾತುದಾರನ ಒಂದು ಕರೆಗೆ ಸುದ್ದಿ ನಿಲ್ಲುವುದಾದರೆ, ಊರಿನ ಹತ್ತು ಕರೆಗೆ ಅದು ಹೊರಡಲೇಬೇಕು.